ಜೀವಶಾಸ್ತ್ರದ ವಿದ್ಯಾರ್ಥಿಗೆ ಯಾವ ಭೌತಶಾಸ್ತ್ರ?

ವಿಜಯಪುರದ ಗೋಳಗುಮ್ಮಟಕ್ಕೆ ಶಾಲಾ ಪ್ರವಾಸದಲ್ಲಿ ಬಂದ ಮಕ್ಕಳು ಮೇಲಿನ ಪಿಸುಮಾತಿನ ಗ್ಯಾಲರಿ ಹತ್ತಿದೊಡನೆ ಮಾಡುವ ಮೊದಲ ಕೆಲಸ ಚಪ್ಪಾಳೆ ತಟ್ಟುವುದು. ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿ, 1656ರ ಹೊತ್ತಿಗೆ ನಿಂತ ಈ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದ ಎದುರಿನ ಗೋಡೆಗೆ ಹೋಗಿ ತಿರುಗಿ ಬರಲು 76 ಮೀಟರ್ ಸಾಗಬೇಕು. ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಅದಕ್ಕೆ ಹಿಡಿಯುವುದು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಕೊಂಚ ಹೆಚ್ಚು ಹೊತ್ತು. ಇಷ್ಟು ಲೆಕ್ಕ ಭೌತಶಾಸ್ತ್ರದ್ದು. ಆದರೆ ಅದು ನಮಗೆ 'ಪ್ರತಿಧ್ವನಿ'ಯಾಗಿ, ಅಂದರೆ ಎರಡನೆಯ ಚಪ್ಪಾಳೆಯಾಗಿ, ಬೇರೆಯಾಗಿ ಕೇಳಿಸುವುದೇಕೆ? ಎರಡು ಸದ್ದುಗಳ ನಡುವೆ ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಾದರೂ ಅಂತರವಿದ್ದರೆ ಮಾತ್ರ ಮನುಷ್ಯನ ಕಿವಿ ಮತ್ತು ಮಿದುಳು ಅವುಗಳನ್ನು ಎರಡೆಂದು ಎಣಿಸುತ್ತವೆ. ಹಾಗಾಗಿ ಗೋಳಗುಮ್ಮಟದ ಪ್ರತಿಧ್ವನಿಯ ಅರ್ಧ ಕಲ್ಲು ಗಾರೆಯಲ್ಲಿದೆ, ಇನ್ನರ್ಧ ಕೇಳುವವನ ತಲೆಯಲ್ಲಿದೆ.

ಸರ್ ಸಿ.ವಿ. ರಾಮನ್ ಅವರ ಗಮನವನ್ನೂ ಈ ಗುಮ್ಮಟ ಸೆಳೆದಿತ್ತು. 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಪಿಸುಮಾತಿನ ಗ್ಯಾಲರಿಯನ್ನು ಪರೀಕ್ಷಿಸಿದ ಬಳಿಕ, ಭಾರತದಲ್ಲಿನ ಇಂಥ ಕಟ್ಟಡಗಳ ಬಗ್ಗೆ ಬರೆದ ಲೇಖನದಲ್ಲಿ ಅವರು ಗೋಳಗುಮ್ಮಟವನ್ನೂ ಸೇರಿಸಿಕೊಂಡರು. ಇದೇ ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕುಳಿತು ಹೂಗಳ ಬಣ್ಣವನ್ನೂ ಮನುಷ್ಯನ ಕಣ್ಣನ್ನೂ ಅಭ್ಯಸಿಸಿ, 1968ರಲ್ಲಿ ದೃಷ್ಟಿಯ ಶರೀರಕ್ರಿಯೆಯ ಮೇಲೆ ಒಂದು ಪುಸ್ತಕವನ್ನೇ ಹೊರತಂದರು. ನೊಬೆಲ್ ಪಡೆದ ಭೌತವಿಜ್ಞಾನಿಗೆ ಜೀವಶಾಸ್ತ್ರದ ಬೇಲಿ ದಾಟಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಆದರೆ ಅದೇ ವಿಜಯಪುರದ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುವ ಪ್ರಾಣಿಶಾಸ್ತ್ರದ ವಿದ್ಯಾರ್ಥಿ ಭೌತಶಾಸ್ತ್ರದ ತರಗತಿಯ ಬಾಗಿಲಿನೊಳಗೆ ಕಾಲಿಡುವಂತಿರಲಿಲ್ಲ.

ಕರ್ನಾಟಕದ ಪದವಿ ಕಾಲೇಜುಗಳ ಪರಿಚಯವಿರುವ ಯಾರಿಗೂ ಇದು ಹೊಸ ಸಂಗತಿಯಲ್ಲ. ದಶಕಗಳಿಂದ ಇಲ್ಲಿ ಬಿ.ಎಸ್‌ಸಿ. ಎಂದರೆ ಮುಖ್ಯವಾಗಿ ಎರಡು ದಾರಿ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿದ ಪಿಸಿಎಂ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಸೇರಿದ ಸಿಬಿಝಡ್. ಎರಡನೆಯ ದಾರಿ ಹಿಡಿದವನ ಭೌತಶಾಸ್ತ್ರ ಹದಿನೆಂಟನೆಯ ವಯಸ್ಸಿಗೆ, ದ್ವಿತೀಯ ಪಿಯುಸಿ ಪರೀಕ್ಷೆಯ ದಿನವೇ ಮುಗಿಯಿತು. ಮುಂದೆ ಅವನು ಹೃದಯ ಓದಬಹುದು, ನರ ಓದಬಹುದು, ಬೇರಿನಿಂದ ಎಲೆಗೆ ನೀರೇರುವ ಬಗೆ ಓದಬಹುದು; ಒತ್ತಡ, ವಿದ್ಯುತ್ ವಿಭವ, ಮೇಲ್ಮೈ ಎಳೆತಗಳ ಪಾಠ ಮಾತ್ರ ಪಕ್ಕದ ಕಟ್ಟಡದಲ್ಲಿ ಬೇರೆಯವರಿಗೆ ನಡೆಯುತ್ತಿರುತ್ತದೆ.

ಈ ಬೇಲಿ ಹಾಕಿದ್ದು ಯಾರು, ಯಾವಾಗ ಎಂದು ಹುಡುಕಹೊರಟರೆ ಮೊದಲು ಎದುರಾಗುವುದು ಒಂದು ವಿಪರ್ಯಾಸ. ಭೌತಶಾಸ್ತ್ರದ ಹಲವು ನಿಯಮಗಳನ್ನು ಕಂಡುಹಿಡಿದವರೇ ವೈದ್ಯರು. ಬೆಳಕು ಅಲೆಯೆಂದು ವಾದಿಸಿದ ಥಾಮಸ್ ಯಂಗ್ ವೃತ್ತಿಯಿಂದ ವೈದ್ಯ. ಕಣ್ಣಿನ ಮಸೂರ ಹತ್ತಿರಕ್ಕೂ ದೂರಕ್ಕೂ ಹೇಗೆ ಹೊಂದಿಕೊಳ್ಳುತ್ತದೆಂಬುದು ಅವನ ಮೊದಲ ಪ್ರಶ್ನೆಗಳಲ್ಲೊಂದು. ಜರ್ಮನಿಯ ರಾಬರ್ಟ್ ಮೇಯರ್ 1840ರಲ್ಲಿ ಹಡಗಿನ ವೈದ್ಯನಾಗಿ ಜಾವಾಕ್ಕೆ ಹೋದಾಗ, ಉಷ್ಣವಲಯದಲ್ಲಿ ನಾವಿಕರ ಅಭಿಧಮನಿಯ ರಕ್ತ ಎಂದಿಗಿಂತ ಹೆಚ್ಚು ಕೆಂಪಾಗಿರುವುದನ್ನು ಕಂಡ. ಬಿಸಿ ನಾಡಿನಲ್ಲಿ ಮೈ ಬೆಚ್ಚಗಿಡಲು ದೇಹ ಸುಡಬೇಕಾದ್ದು ಕಡಿಮೆ, ಆದ್ದರಿಂದ ರಕ್ತದಲ್ಲಿ ಆಮ್ಲಜನಕ ಉಳಿಯುತ್ತದೆ ಎಂದು ಊಹಿಸಿ, ಅಲ್ಲಿಂದ ಹೊರಟು 1842ರಲ್ಲಿ ಶಕ್ತಿಯ ಸಂರಕ್ಷಣೆಯ ತತ್ವಕ್ಕೆ ಬಂದ. ಅದೇ ತತ್ವವನ್ನು 1847ರಲ್ಲಿ ಗಣಿತದಲ್ಲಿ ನಿಲ್ಲಿಸಿದ ಹೆಲ್ಮ್‌ಹೋಲ್ಟ್ಸ್ ಆಗ ಪ್ರಷ್ಯದ ಸೇನೆಯಲ್ಲಿ ಶಸ್ತ್ರವೈದ್ಯ. ವಿಸರಣೆಯ ನಿಯಮವನ್ನು 1855ರಲ್ಲಿ ಕೊಟ್ಟ ಅಡಾಲ್ಫ್ ಫಿಕ್ ಶರೀರಕ್ರಿಯಾ ವಿಜ್ಞಾನಿ. ಈ ಶಾಸ್ತ್ರದ ಎಷ್ಟೋ ಭಾಗ ರೋಗಿಯ ಹಾಸಿಗೆಯ ಪಕ್ಕದಲ್ಲೇ ಹುಟ್ಟಿದ್ದು.

ಬೇರ್ಪಟ್ಟದ್ದು ಪಾಠಪಟ್ಟಿಗಳಲ್ಲಿ. ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಉನ್ನತ ಶಿಕ್ಷಣಕ್ಕೆ ಬಾಂಬೆ ವಿಶ್ವವಿದ್ಯಾಲಯವೇ ಗತಿ. ವಚನ ಸಾಹಿತ್ಯದ ಸಂಗ್ರಹಕ್ಕಾಗಿ ಬದುಕು ಸವೆಸಿದ ಫ.ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯ ಆಶ್ರಯದಲ್ಲಿ ವಿಜಯ ಕಾಲೇಜು ಆರಂಭವಾದದ್ದು 1945ರಲ್ಲಿ. ಇಂದು ಅದು ಎಸ್.ಬಿ. ಕಲಾ ಮತ್ತು ಕೆ.ಸಿ.ಪಿ. ವಿಜ್ಞಾನ ಕಾಲೇಜು. ಮುಂಬಯಿ ಪದ್ಧತಿಯ ಇಂಟರ್ ಸೈನ್ಸ್‌ನಲ್ಲಿ ಗಣಿತದವರಿಗೆ 'ಎ ಗ್ರೂಪ್', ಜೀವಶಾಸ್ತ್ರದವರಿಗೆ 'ಬಿ ಗ್ರೂಪ್' ಎಂಬ ವಿಂಗಡಣೆ ಇತ್ತು. ಹಳೆಯ ತಲೆಮಾರಿನ ಡಾಕ್ಟರುಗಳ ಬಾಯಲ್ಲಿ ಆ ಹೆಸರು ಇನ್ನೂ ಉಳಿದಿದೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು, 1956ರಲ್ಲಿ ರಾಜ್ಯಗಳ ಪುನರ್‌ವಿಂಗಡಣೆ ಆಯಿತು, 1970ರ ದಶಕದಲ್ಲಿ ಎರಡು ವರ್ಷದ ಪಿಯುಸಿ ಬೇರೂರಿತು, 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದಿತು. ಫಲಕ ಬದಲಾದರೂ ಒಳಗಿನ ವಿಂಗಡಣೆ ಹೆಚ್ಚು ಅಲುಗಾಡಲಿಲ್ಲ.

ಪಿಯುಸಿಯಲ್ಲಿ ವೈದ್ಯನಾಗುವವನೂ ಎಂಜಿನಿಯರ್ ಆಗುವವನೂ ಒಂದೇ ಬೆಂಚಿನಲ್ಲಿ ಒಂದೇ ಭೌತಶಾಸ್ತ್ರ ಓದುತ್ತಾರೆ. ಸಮಾನತೆಯ ದೃಷ್ಟಿಯಿಂದ ಇದು ಒಳ್ಳೆಯದೇ. ತೊಂದರೆ ಇರುವುದು ಉದಾಹರಣೆಗಳಲ್ಲಿ. ರಾಟೆಯ ಮೇಲೆ ಜೋತುಬಿದ್ದ ತೂಕ, ಘರ್ಷಣೆಯಿಲ್ಲದ ಇಳಿಜಾರು ಹಲಗೆ, ಭೂಮಿಯ ಸುತ್ತ ಸುತ್ತುವ ಉಪಗ್ರಹ: ಇವು ಯಂತ್ರ ಕಟ್ಟುವವನ ಲೋಕದವು. ಜೀವಕೋಶದೊಳಗಿನ ಲೋಕ ಬೇರೆ. ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1976ರ ತಮ್ಮ ಪ್ರಸಿದ್ಧ ಉಪನ್ಯಾಸವೊಂದರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ನೀರಿನಲ್ಲಿ ಈಜುತ್ತಿರುವ ಬ್ಯಾಕ್ಟೀರಿಯ ತಟ್ಟನೆ ಈಜು ನಿಲ್ಲಿಸಿದರೆ, ಅದು ಮುಂದೆ ಜಾರುವ ದೂರ ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಅದರ ಮಟ್ಟಿಗೆ ನೀರು ಕಾಕಂಬಿಗಿಂತ ಗಟ್ಟಿ. ಜಡತ್ವವೆಂಬುದು ಅದರ ಬದುಕಿನಲ್ಲಿ ಇಲ್ಲವೇ ಇಲ್ಲವೆನ್ನಬಹುದು. ಘರ್ಷಣೆಯನ್ನು 'ಸದ್ಯಕ್ಕೆ ಬಿಡೋಣ' ಎನ್ನುವ ಪಾಠದಿಂದಲೇ ಆರಂಭಿಸುವ ನಾವು, ಘರ್ಷಣೆಯೇ ಸರ್ವಸ್ವವಾದ ಜೀವಿಗಳನ್ನು ಓದಲಿರುವ ವಿದ್ಯಾರ್ಥಿಗೆ ಏನು ಕೊಟ್ಟಂತಾಯಿತು?

ಇದರರ್ಥ ನ್ಯೂಟನ್ನನನ್ನು ಕೈಬಿಡಬೇಕೆಂದಲ್ಲ. ಯಾವ ಪಾಠಕ್ಕೆ ಎಷ್ಟು ಹೊತ್ತು, ಯಾವ ಉದಾಹರಣೆಯಿಂದ ಆರಂಭ ಎಂಬುದಷ್ಟೇ ಪ್ರಶ್ನೆ. ಉದಾಹರಣೆಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ತಿಕೋಟಾ, ದಕ್ಷಿಣಕ್ಕೆ ಜಮಖಂಡಿ ಕಡೆಗೆ ಹೊರಟರೆ ಬಬಲೇಶ್ವರ. ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಾಗಿರುವ ಈ ಎರಡೂ ಊರುಗಳ ಸುತ್ತ ದ್ರಾಕ್ಷಿ ಪಡಗಳು, ಅವುಗಳ ನಡುವೆ ಒಣದ್ರಾಕ್ಷಿಯ ಶೆಡ್ಡುಗಳು. ಬೇಸಿಗೆ ಬಂತೆಂದರೆ ಅಲ್ಲಿ ನಡೆಯುವುದು ಭೌತಶಾಸ್ತ್ರವೂ ಹೌದು, ಸಸ್ಯಶಾಸ್ತ್ರವೂ ಹೌದು.

ದ್ರಾಕ್ಷಿಯ ಸಿಪ್ಪೆಯ ಮೇಲೆ ನೀರು ಹೊರಹೋಗದಂತೆ ತಡೆಯುವ ತೆಳುವಾದ ಮೇಣದ ಪದರವಿದೆ. ಹಣ್ಣನ್ನು ಹಾಗೆಯೇ ಹರವಿದರೆ ಒಣಗಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ಬಣ್ಣವೂ ಕಪ್ಪಾಗುತ್ತದೆ. ಅದಕ್ಕೇ ರೈತರು ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು 'ಡಿಪ್ಪಿಂಗ್ ಆಯಿಲ್' ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಬಲೆಗಳ ಮೇಲೆ ಹರವುತ್ತಾರೆ. ಈ ದ್ರಾವಣ ಮೇಣದ ಪದರದ ಅಡ್ಡಿಯನ್ನು ಸಡಿಲಿಸುತ್ತದೆ. ಒಳಗಿನ ನೀರು ಹೊರಬರುವ ವೇಗ ಹೆಚ್ಚುತ್ತದೆ. ಹೀಗೆ ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಫಿಕ್‌ನ ವಿಸರಣಾ ನಿಯಮದಲ್ಲಿ ಬರುವುದು ಇವೇ ಅಂಶಗಳು: ಒಳಹೊರಗಿನ ಸಾಂದ್ರತೆಯ ವ್ಯತ್ಯಾಸ, ತಡೆಯುವ ಪದರದ ದಪ್ಪ ಮತ್ತು ಗುಣ, ಮೇಲ್ಮೈಯ ವಿಸ್ತಾರ. ಕಾಳಿನ ಅಡ್ಡಳತೆ ಎರಡು ಪಟ್ಟಾದರೆ ಸಿಪ್ಪೆ ನಾಲ್ಕು ಪಟ್ಟು, ಒಳಗಿನ ನೀರು ಎಂಟು ಪಟ್ಟು; ದಪ್ಪ ಕಾಳು ತಡವಾಗಿ ಒಣಗುವುದು ಇದರಿಂದಲೇ. ಜೆ.ಬಿ.ಎಸ್. ಹಾಲ್ಡೇನ್ 1926ರಷ್ಟು ಹಿಂದೆಯೇ ಪ್ರಾಣಿಗಳ ಗಾತ್ರದ ಬಗ್ಗೆ ಬರೆದ ಪ್ರಬಂಧದಲ್ಲಿ ಹಿಡಿದದ್ದು ಇದೇ ಲೆಕ್ಕವನ್ನು. ಇಲಿಗೂ ಆನೆಗೂ ಇರುವ ವ್ಯತ್ಯಾಸವನ್ನು ಹೀಗೆ ಅಳತೆಯಿಂದಲೇ ವಿವರಿಸಿದ ಈ ಜೀವವಿಜ್ಞಾನಿ ಮುಂದೆ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿದರು. ತಿಕೋಟಾದ ವಿದ್ಯಾರ್ಥಿಗೆ ಹಾಲ್ಡೇನ್ ಹೆಸರು ಗೊತ್ತಿಲ್ಲದಿರಬಹುದು. ಯಾವ ಕಾಳು ಮೊದಲು ಒಣಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು.

ಇನ್ನೊಂದು ಉದಾಹರಣೆ ಬಾವಿಯದು. ಆಳದ ತೆರೆದ ಬಾವಿಯಿರುವ ರೈತ ಪಂಪನ್ನು ದಡದಲ್ಲಿಡದೆ, ಕೆಳಗೆ ನೀರಿನ ಸಮೀಪ ಇಳಿಸಿ ಕೂರಿಸುತ್ತಾನೆ. ಪಂಪ್ ನೀರನ್ನು 'ಎಳೆಯುವುದಿಲ್ಲ'. ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ದಬ್ಬುತ್ತದೆ. ಆ ಒತ್ತಡ ಹೊರಬಲ್ಲ ನೀರಿನ ಕಂಬ ಸಮುದ್ರಮಟ್ಟದಲ್ಲಿ ಸುಮಾರು 10.3 ಮೀಟರ್. ಸುಮಾರು 600 ಮೀಟರ್ ಎತ್ತರದ ವಿಜಯಪುರದಲ್ಲಿ ಇನ್ನೂ ಕೊಂಚ ಕಡಿಮೆ, ವ್ಯವಹಾರದಲ್ಲಂತೂ ಏಳೆಂಟು ಮೀಟರಿಗೇ ಮುಗಿಯಿತು. 1640ರ ದಶಕದಲ್ಲಿ ಟಾರಿಚೆಲ್ಲಿ ಬಿಡಿಸಿದ ಒಗಟು ಇದೇ. ಹಾಗಾದರೆ ಬಾವಿಯ ಪಕ್ಕದ, ಹದಿನೈದು ಮೀಟರ್ ಎತ್ತರದ ಬೇವಿನ ಮರದ ತುದಿಗೆ ನೀರು ಏರುವುದು ಹೇಗೆ? ಅಲ್ಲಿ ಪಂಪೂ ಇಲ್ಲ, ಹೃದಯವೂ ಇಲ್ಲ. ಎಲೆಗಳಿಂದ ನೀರು ಆವಿಯಾಗುತ್ತಿದ್ದಂತೆ, ಒಂದಕ್ಕೊಂದು ಅಂಟಿಕೊಂಡ ನೀರಿನ ಅಣುಗಳ ಸರಪಳಿ ಕೆಳಗಿನಿಂದ ಎಳೆಯಲ್ಪಡುತ್ತದೆ ಎಂಬ ವಿವರಣೆಯನ್ನು 1894ರಲ್ಲಿ ಡಿಕ್ಸನ್ ಮತ್ತು ಜಾಲಿ ಕೊಟ್ಟರು. ಇವರಲ್ಲಿ ಮೊದಲಿನವರು ಸಸ್ಯಶಾಸ್ತ್ರಜ್ಞ, ಎರಡನೆಯವರು ಭೌತವಿಜ್ಞಾನದಲ್ಲೂ ಭೂವಿಜ್ಞಾನದಲ್ಲೂ ಕೈಯಾಡಿಸಿದವರು. ಪಿಯುಸಿಯಲ್ಲಿ ಒಂದೇ ವರ್ಷ, ಒಂದೇ ವಿದ್ಯಾರ್ಥಿ ಗಾಳಿಯ ಒತ್ತಡವನ್ನು ಒಂದು ಪುಸ್ತಕದಲ್ಲಿ, ಬಾಷ್ಪವಿಸರ್ಜನೆಯನ್ನು ಇನ್ನೊಂದರಲ್ಲಿ ಓದುತ್ತಿದ್ದ. ಇವೆರಡೂ ಎದುರುಬದುರು ನಿಂತ ಪ್ರಶ್ನೆಗಳೆಂದು ಹೇಳುವ ಹೊಣೆ ಮಾತ್ರ ಯಾವ ಮೇಷ್ಟರ ವೇಳಾಪಟ್ಟಿಯಲ್ಲೂ ಇರಲಿಲ್ಲ.

ಕೆಲವೊಮ್ಮೆ ಎರಡು ಪುಸ್ತಕಗಳು ಒಂದಕ್ಕೊಂದು ವಿರುದ್ಧವಾಗಿಯೇ ಮಾತನಾಡುವಂತೆ ಕಾಣುತ್ತದೆ. ಜೀವಕೋಶದ ಶಕ್ತಿಯ ನಾಣ್ಯವೆನಿಸಿದ ಎಟಿಪಿ ಅಣುವಿನಲ್ಲಿ 'ಅಧಿಕ ಶಕ್ತಿಯ ಬಂಧ' ಇದೆ, ಅದು ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆ ಎನ್ನುತ್ತದೆ ಜೀವಶಾಸ್ತ್ರ. ಯಾವುದೇ ಬಂಧವನ್ನು ಮುರಿಯಲು ಶಕ್ತಿ ವೆಚ್ಚವಾಗುತ್ತದೆಯೇ ಹೊರತು ಬರುವುದಿಲ್ಲ ಎನ್ನುತ್ತದೆ ಭೌತಶಾಸ್ತ್ರ. ಬುದ್ಧಿವಂತ ವಿದ್ಯಾರ್ಥಿ ಎರಡನ್ನೂ ಬಾಯಿಪಾಠ ಮಾಡಿ, ಎರಡೂ ಪರೀಕ್ಷೆಗಳಲ್ಲಿ ಆಯಾ ಉತ್ತರ ಬರೆದು ಪಾಸಾಗುತ್ತಾನೆ. ನಿಜ ಸಂಗತಿ ಎಂದರೆ, ಎಟಿಪಿಯ ಬಂಧ ಮುರಿಯಲು ಕೊಂಚ ಶಕ್ತಿ ಬೇಕು. ಆದರೆ ನೀರಿನೊಡನೆ ಹೊಸ ಬಂಧಗಳು ಕೂಡಿದಾಗ ಅದಕ್ಕಿಂತ ಹೆಚ್ಚು ಹೊರಬರುತ್ತದೆ. ಕೋಶಕ್ಕೆ ದಕ್ಕುವುದು ಉಳಿದ ಲಾಭ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ರೆಡಿಷ್ ಮತ್ತು ಸಂಗಡಿಗರು ಜೀವಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಹೊಸ ಭೌತಶಾಸ್ತ್ರ ಕೋರ್ಸ್ ರೂಪಿಸಹೊರಟಾಗ, ವಿದ್ಯಾರ್ಥಿಗಳು ಎಡವುತ್ತಿದ್ದ ಜಾಗಗಳಲ್ಲಿ ಇದೂ ಒಂದೆಂದು ಗುರುತಿಸಿದರು. ತಪ್ಪು ವಿದ್ಯಾರ್ಥಿಯದಲ್ಲ, ಎರಡು ವಿಭಾಗಗಳು ಒಂದನ್ನೊಂದು ಮಾತನಾಡಿಸದಿರುವುದರದ್ದು ಎಂಬುದು ಅವರ ಅನುಭವ.

ಆ ದೇಶದಲ್ಲಿ ಈ ಸುಧಾರಣೆಗೆ ಬೆನ್ನೆಲುಬಾದದ್ದು ಸರಣಿ ವರದಿಗಳು. 2003ರಲ್ಲಿ ಭಾವೀ ಜೀವವಿಜ್ಞಾನಿಗಳ ಶಿಕ್ಷಣದ ಬಗ್ಗೆ ಒಂದು, 2009ರಲ್ಲಿ ಭಾವೀ ವೈದ್ಯರ ವಿಜ್ಞಾನ ಶಿಕ್ಷಣದ ಬಗ್ಗೆ ಇನ್ನೊಂದು. ವರದಿಗಳು ಎಲ್ಲ ದೇಶಗಳಲ್ಲೂ ಬರುತ್ತವೆ, ಕಪಾಟು ಸೇರುತ್ತವೆ. ಆದರೆ ಅಲ್ಲಿ 2015ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನೇ ಬದಲಿಸಿದರು. ಭೌತಶಾಸ್ತ್ರದ ಪ್ರಶ್ನೆಗಳು ಜೀವಿಗಳ ಸಂದರ್ಭದಲ್ಲಿ ಬರತೊಡಗಿದವು. ಪರೀಕ್ಷೆ ಬದಲಾದ ಮೇಲೆ ಕಾಲೇಜುಗಳಿಗೂ ಸುಮ್ಮನಿರುವುದು ಕಷ್ಟವಾಯಿತು.

ನಮ್ಮಲ್ಲಿ ಪರೀಕ್ಷೆ ಹಿಡಿದ ದಾರಿ ಬೇರೆ. 1990ರ ದಶಕದ ಸಿಇಟಿಯಿಂದ ಹಿಡಿದು, 2016ರಿಂದ ಖಾಯಂ ಆದ ನೀಟ್ ವರೆಗೆ ವೈದ್ಯಕೀಯ ಸೀಟಿನ ಬಾಗಿಲಲ್ಲಿ ಭೌತಶಾಸ್ತ್ರ ಕಾವಲು ನಿಂತಿದೆ. ನೀಟ್‌ನ 720 ಅಂಕಗಳಲ್ಲಿ ಅದರ ಪಾಲು 180. 2025ರ ಮಾದರಿಯಲ್ಲಿ ಮೂರು ಗಂಟೆಗೆ 180 ಪ್ರಶ್ನೆ, ಅಂದರೆ ಪ್ರಶ್ನೆಗೊಂದು ನಿಮಿಷ. ತಪ್ಪಿದರೆ ಒಂದಂಕ ಕಡಿತ. ಇಂಥ ಪರೀಕ್ಷೆಗೆ ಬೇಕಾದ್ದು ಸೂತ್ರ ನೆನಪಿರುವುದು, ಕೈ ಬೇಗ ಓಡುವುದು. ಮರದ ತುದಿಗೆ ನೀರು ಏರುವುದು ಹೇಗೆಂದು ಯೋಚಿಸಿ ಕುಳಿತರೆ ಮೂರು ಪ್ರಶ್ನೆ ಕೈತಪ್ಪುತ್ತವೆ. ಇಷ್ಟು ಬೆವರಿಳಿಸಿ ಕಲಿತ ವಿಷಯಕ್ಕೆ ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ಬೇರೆ ಪತ್ರಿಕೆಯಿಲ್ಲ. ಅಂಗರಚನೆ, ಶರೀರಕ್ರಿಯೆ, ಜೀವರಸಾಯನದ ನಡುವೆ ಅಲ್ಲಲ್ಲಿ ತಲೆಹಾಕಿ ಹೋಗುತ್ತದೆ. ಬಾಗಿಲಲ್ಲಿ ಅಷ್ಟು ಬಿಗಿ, ಒಳಗೆ ಹೋದ ಮೇಲೆ ಹೆಸರೂ ಇಲ್ಲ.

1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ವಿಜಯಪುರದ ಮನೆಮನೆಗಳಲ್ಲಿ ಡಾಕ್ಟರಿಕೆಯ ಕನಸು ಹತ್ತಿರ ಬಂದಂತೆ ಕಂಡದ್ದು ಸಹಜ. ಬಬಲೇಶ್ವರದಿಂದ, ತಿಕೋಟಾದಿಂದ ಬೆಳಗಿನ ಬಸ್ಸು ಹಿಡಿದು ನಗರದ ಪಿಯು ಕಾಲೇಜಿಗೆ ಬರುವ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಮಂದಿ ಎಸ್‌ಎಸ್‌ಎಲ್‌ಸಿ ವರೆಗೆ ಕನ್ನಡ ಮಾಧ್ಯಮದವರು. 'ವೇಗೋತ್ಕರ್ಷ' ಎಂದು ಕಲಿತದ್ದು ಒಂದೇ ಬೇಸಿಗೆ ರಜೆಯಲ್ಲಿ 'ಎಕ್ಸಲರೇಷನ್' ಆಗುತ್ತದೆ. ಜೀವಶಾಸ್ತ್ರದಲ್ಲಿ ಚಿತ್ರ ನೋಡಿ, ಹೆಸರು ಉರುಹೊಡೆದು ಹೇಗೋ ದಾಟಬಹುದು. ಭೌತಶಾಸ್ತ್ರದಲ್ಲಿ ಭಾಷೆ, ಗಣಿತ ಎರಡೂ ಒಟ್ಟಿಗೆ ಕೈಕೊಡುತ್ತವೆ. ನೀಟ್‌ನಲ್ಲಿ ಸೋತವನು ಬಿ.ಎಸ್‌ಸಿ. ಸೇರುವಾಗ ಸಿಬಿಝಡ್ ಆರಿಸಿಕೊಳ್ಳುವುದಕ್ಕೆ ಜೀವಶಾಸ್ತ್ರದ ಮೇಲಿನ ಪ್ರೀತಿಯಷ್ಟೇ ಭೌತಶಾಸ್ತ್ರದ ಮೇಲಿನ ಹೆದರಿಕೆಯೂ ಕಾರಣವಾಗಿರುತ್ತದೆ.

ಈ ಹೆದರಿಕೆ ಅಲ್ಲಿಗೇ ನಿಲ್ಲುವುದಿಲ್ಲ. ರಾಜ್ಯದ ಪ್ರೌಢಶಾಲೆಗಳಿಗೆ ವಿಜ್ಞಾನ ಶಿಕ್ಷಕರನ್ನು ನೇಮಿಸುವುದೂ ಪಿಸಿಎಂ, ಸಿಬಿಝಡ್ ಎಂಬ ಇದೇ ಎರಡು ಸಾಲುಗಳಲ್ಲಿ. ಹತ್ತನೆಯ ತರಗತಿಯ ಪುಸ್ತಕ ಮಾತ್ರ ಒಂದೇ. ಅದರಲ್ಲಿ ಮನುಷ್ಯನ ಕಣ್ಣಿನ ಪಾಠ ಬರುವುದು ಬೆಳಕಿನ ಪಾಠದ ಬೆನ್ನಿಗೆ, ಭೌತಶಾಸ್ತ್ರದ ಭಾಗದಲ್ಲಿ. ಹಾಗಾಗಿ ಕಣ್ಣನ್ನು ಪಿಸಿಎಂ ಮೇಷ್ಟರು, ಮಿದುಳನ್ನು ಸಿಬಿಝಡ್ ಮೇಷ್ಟರು ಕಲಿಸುತ್ತಾರೆ. ಒಂದು ಹುದ್ದೆ ಖಾಲಿ ಬಿದ್ದ ಊರಿನಲ್ಲಿ, ಹದಿನೆಂಟಕ್ಕೇ ಭೌತಶಾಸ್ತ್ರಕ್ಕೆ ಕೈಮುಗಿದವರು ವಿದ್ಯುತ್ತಿನ ಪಾಠಕ್ಕೆ ನಿಲ್ಲಬೇಕಾಗುತ್ತದೆ.

ಕರ್ನಾಟಕದಲ್ಲಿ ಬೇಲಿ ತೆಗೆಯುವ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ಕೊಲಾಜೆನ್ನಿನ ಮೂರೆಳೆಯ ಹುರಿಯನ್ನು ಬಿಡಿಸಿದ ಜಿ.ಎನ್. ರಾಮಚಂದ್ರನ್ ಅವರ ನೇತೃತ್ವದಲ್ಲಿ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರದ ವಿಭಾಗ ಆರಂಭವಾಯಿತು. ಅದು ಸಂಶೋಧನೆಯ ಮಟ್ಟದ್ದು. ಪದವಿ ಮಟ್ಟದಲ್ಲಿ ಅದೇ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಬಿ.ಎಸ್. ಕೋರ್ಸ್ ತೆರೆದಾಗ, ಮೊದಲ ಮೂರು ಸೆಮಿಸ್ಟರುಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳನ್ನು ಎಲ್ಲರೂ ಓದಲೇಬೇಕೆಂದು ವಿಧಿಸಿತು. ಜೀವಶಾಸ್ತ್ರಕ್ಕೆ ಬಂದವನಿಗೆ ಗಣಿತ ತಪ್ಪಲಿಲ್ಲ, ಗಣಿತಕ್ಕೆ ಬಂದವನಿಗೆ ಜೀವಕೋಶ ತಪ್ಪಲಿಲ್ಲ. ಆದರೆ ಅದು ದೇಶದ ಆಯ್ದ ಕೆಲವೇ ವಿದ್ಯಾರ್ಥಿಗಳ ಕೋರ್ಸು. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿಗೆ ಅದನ್ನು ಅಳತೆಗೋಲಾಗಿ ಹಿಡಿಯುವುದು ನ್ಯಾಯವಲ್ಲ.

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಮಟ್ಟದಲ್ಲಿ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಮೂರು ವಿಷಯಗಳ ಹಳೆಯ ಕಟ್ಟು ಸಡಿಲವಾಗಿ, ಎರಡು ಮುಖ್ಯ ವಿಷಯಗಳ ಜೊತೆಗೆ ಬೇರೆ ವಿಭಾಗದ ಮುಕ್ತ ಐಚ್ಛಿಕ ವಿಷಯಗಳು ಬಂದವು. ಕಾಗದದ ಮೇಲೆ ಬಾಗಿಲು ತೆರೆಯಿತು. ಆದರೆ ಅಧ್ಯಾಪಕರ ಕೆಲಸದ ಹೊರೆ, ಕೊಠಡಿ, ಪ್ರಯೋಗಾಲಯದ ವೇಳೆ ಎಲ್ಲವೂ ಹಳೆಯ ವಿಭಾಗಗಳಿಗೇ ಕಟ್ಟುಬಿದ್ದಿರುವ ಕಾಲೇಜುಗಳಲ್ಲಿ ಹೊಸ ಜೋಡಣೆ ಮಾಡುವುದು ಸುಲಭವಲ್ಲ. ಬೇರು ಬಿಡುವ ಮುನ್ನವೇ, 2024ರಲ್ಲಿ ರಾಜ್ಯ ಸರಕಾರ ಆ ನೀತಿಯನ್ನು ಕೈಬಿಟ್ಟು ಮೂರು ವರ್ಷ, ಮೂರು ಮುಖ್ಯ ವಿಷಯಗಳ ಪದವಿಗೆ ಮರಳಿತು. ಈ ನೀತಿಯ ಒಳಿತು ಕೆಡುಕುಗಳ ಜಗಳದಲ್ಲಿ ರಾಜಕೀಯದ ಪಾಲೇ ಹೆಚ್ಚಿತ್ತು. ಪ್ರಾಣಿಶಾಸ್ತ್ರದವನಿಗೆ ಯಾವ ಭೌತಶಾಸ್ತ್ರ ಬೇಕೆಂಬ ಪ್ರಶ್ನೆ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಹೊಸ ಪದವಿಯಾಗಲಿ, ಹೊಸ ವಿಭಾಗವಾಗಲಿ ಇಲ್ಲದೆಯೂ ಆಗಬಹುದಾದ ಕೆಲಸವಿದೆ. ಪದವಿ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ತೀರ ಹಳೆಯದೊಂದು ಪ್ರಯೋಗವಿದೆ. ಸೂಜಿಯಂಥ ಗಾಜಿನ ನಳಿಗೆಯ ಮೂಲಕ ನೀರು ಹರಿಸಿ, ನಿಗದಿತ ಹೊತ್ತಿನಲ್ಲಿ ಎಷ್ಟು ಸಂಗ್ರಹವಾಯಿತೆಂದು ಅಳೆದು, ನೀರಿನ ಸ್ನಿಗ್ಧತೆ ಕಂಡುಹಿಡಿಯುವುದು. ಇದರ ಹಿಂದಿನ ನಿಯಮ ಫ್ರಾನ್ಸಿನ ಪ್ವಾಸೇಯ್ ಎಂಬ ವೈದ್ಯನದು. 1840ರ ಸುಮಾರಿಗೆ ಅವನು ಕೂದಲೆಳೆಯಂಥ ನಳಿಗೆಗಳಲ್ಲಿ ದ್ರವ ಹರಿಸಿ ನೋಡಿದ್ದು ಸಣ್ಣ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆಂದು ತಿಳಿಯಲು. ಹರಿವು ನಳಿಗೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದು ಅವನಿಗೆ ಸಿಕ್ಕ ಉತ್ತರ. ಒತ್ತಡ ಅಷ್ಟೇ ಇದ್ದು ರಕ್ತನಾಳದ ಒಳಅಗಲ ಅರ್ಧವಾದರೆ ಹರಿವು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಐದನೆಯ ಒಂದು ಭಾಗದಷ್ಟು ಮಾತ್ರ ಕಿರಿದಾದರೂ ಅರ್ಧಕ್ಕಿಂತ ಹೆಚ್ಚು ಹರಿವು ಹೋಯಿತು. ನಾಳ ಕೊಂಚವೇ ಹಿಗ್ಗಿಸುವ ಔಷಧ ಏಕೆ ಅಷ್ಟೊಂದು ಕೆಲಸ ಮಾಡುತ್ತದೆ ಎಂಬುದರಲ್ಲಿ ಈ ನಾಲ್ಕನೆಯ ಘಾತದ ಪಾಲು ದೊಡ್ಡದು. ಪಿಸಿಎಂ ವಿದ್ಯಾರ್ಥಿ ಈ ಪ್ರಯೋಗ ಮಾಡಿ, ರೆಕಾರ್ಡ್ ಬರೆದು, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ರಕ್ತದ ಮಾತು ಅಲ್ಲಿ ಬರುವುದು ಅಪರೂಪ.

ಅದೇ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಸಿಬಿಝಡ್ ವಿದ್ಯಾರ್ಥಿಗಳು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯಲು ಕಲಿಯುತ್ತಾರೆ, 120, 80 ಎಂದು ಪಾದರಸದ ಮಿಲಿಮೀಟರುಗಳಲ್ಲಿ ಬರೆದುಕೊಳ್ಳುತ್ತಾರೆ. ರಕ್ತದೊತ್ತಡವನ್ನು ಪಾದರಸದ ಕೊಳವೆಯಿಂದ ಅಳೆಯುವ ಕ್ರಮವನ್ನು 1828ರಲ್ಲಿ ತನ್ನ ವೈದ್ಯಕೀಯ ಪದವಿಯ ಪ್ರಬಂಧದಲ್ಲಿ ಬಳಸಿದವನೂ ಇದೇ ಪ್ವಾಸೇಯ್.